ಲಾಟೀನಿನವನ ಕಾಲು

ಮಳೆಗಾಲಕ್ಕೆ ಮೊದಲು ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮನೆಮನೆಗೂ ಒಂದೇ ಕೆಲಸ: ಲೀಕೇಜ್ ಹುಡುಕುವುದು. ಮೇಲಿನ ಮನೆಯ ಬಾತ್‌ರೂಮಿನಿಂದ ನಮ್ಮ ಅಟ್ಟಕ್ಕೆ ನೀರು ಇಳಿಯುತ್ತಿದೆಯೇ ಎಂದು ನೋಡಲು ಹೋದ ಭಾನುವಾರ ನಾನು ಸ್ಟೂಲು ಹತ್ತಿದೆ. ನೀರಿನ ಗುರುತು ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಒಂದು ಕೀಬೋರ್ಡ್. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಹೆಂಡತಿ, "ಅದನ್ನು ಇನ್ನೂ ಇಟ್ಟುಕೊಂಡಿದ್ದೀರಾ? ಗುಜರಿ ಒಯ್ಯುವ ಭಂಗಾರ್‌ವಾಲಾ ಬಂದಾಗ ಕೊಟ್ಟುಬಿಡಿ" ಎಂದಳು. ಆಗಲಿ ಎಂದೆ. ಕೊಡಲಿಲ್ಲ. ಈಗ ಅದು ನಾನು ಬರೆಯುತ್ತಿರುವ ಮೇಜಿನ ಮೇಲೇ ಇದೆ.

ನೀವು ಅದನ್ನು ನೋಡಿದರೆ ಯಾರೋ ವಿಚಿತ್ರ ಮನುಷ್ಯ ಬಳಸಿದ್ದೆಂದು ತಿಳಿಯುತ್ತೀರಿ. ಬಲಗಡೆಯ ನಾಲ್ಕು ಬಾಣದ ಕೀಲಿಗಳು ಸವೆದು ನುಣುಪಾಗಿವೆ. ಎಡಗಡೆಯ ಕೆಳಸಾಲಿನ ಮೂರು ಕೀಲಿಗಳ ಮೇಲೆ ಅಕ್ಷರವೇ ಉಳಿದಿಲ್ಲ. ನಡುವೆ ಇರುವ ಅಷ್ಟೂ ಕೀಲಿಗಳು ನಿನ್ನೆ ಅಂಗಡಿಯಿಂದ ತಂದಂತಿವೆ. ಬಲಗಡೆಯ ಸವೆತ ನನ್ನದು. ಎಡಗಡೆಯದು ನನ್ನ ಅಕ್ಕ ಸುಜಾತಳದು. ನಾವಿಬ್ಬರೂ ಸೇರಿ ಒಬ್ಬ ಮನುಷ್ಯನನ್ನು ಮೂರು ವರ್ಷ ಆಡಿಸಿದೆವು.

ಅದಕ್ಕೆ ಕಾರಣ ನಮ್ಮ ಅಮ್ಮ, ಮತ್ತು ಅಮ್ಮನಿಗೆ ಕಾರಣ ಚೆನ್ನೆಮಣೆ. ನಮ್ಮದು ಉಡುಪಿ ಕಡೆಯ ಮನೆತನ. ಅಪ್ಪ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಊರು ಬಿಟ್ಟು ಎಷ್ಟು ವರ್ಷವಾದರೂ ಅಮ್ಮ ಊರಿನ ನಿಯಮ ಒಂದನ್ನೂ ಬಿಟ್ಟಿರಲಿಲ್ಲ. ಆಟಿ ತಿಂಗಳಲ್ಲಿ ಹೊರಗೆ ಮಳೆ ಹೊಯ್ಯುವಾಗ, ಗುಳಿಗುಳಿಗೆ ಕಾಯಿ ಹಂಚಿ ಆಡುವ ಚೆನ್ನೆಮಣೆ ತೆಗೆಯಬಹುದು, ಆದರೆ ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದು. ಹಿಂದೆ ಅಕ್ಕತಂಗಿಯರಿಬ್ಬರು ಹಾಗೆ ಕೂತು, ಸೋಲುಗೆಲುವಿನ ಮಾತಿಗೆ ಮಾತು ಬೆಳೆದು, ಮನೆಗೆ ಮನೆಯೇ ಹಾಳಾದ ಕಥೆಯನ್ನು ಅಮ್ಮ ನಮಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಅಕ್ಕ ಕಂಪ್ಯೂಟರ್ ಕ್ಲಾಸಿಗೆ ಸೇರಿ ಮನೆಗೆ ಕಂಪ್ಯೂಟರ್ ಬಂದಾಗ ನಾವು ತಂದ ಮೊದಲ ಆಟ ಒಬ್ಬರನ್ನೊಬ್ಬರು ಗುದ್ದುವ ಕುಸ್ತಿಯದು. ಅಮ್ಮ ಎರಡು ನಿಮಿಷ ನೋಡಿದಳು.

"ಇದು ಬೇಡ. ಅಕ್ಕ ತಮ್ಮ ಎದುರುಬದುರು ಆಡುದೆಲ್ಲ ಈ ಮನೆಯಲ್ಲಿ ಆಗ್ಲಿಕ್ಕಿಲ್ಲ. ಒಂದೇ ಬದಿಯಲ್ಲಿ ಕೂತು ಆಡುದಿದ್ದರೆ ಆಡಿ. ಇಬ್ಬರೂ ಒಟ್ಟಿಗೆ. ಇಲ್ಲದಿದ್ದರೆ ಇಬ್ಬರಿಗೂ ಬೇಡ."

"ಅಮ್ಮಾ, ಇದನ್ನು ಒಟ್ಟಿಗೆ ಆಡ್ಲಿಕ್ಕಾಗುದಿಲ್ಲ" ಎಂದಳು ಅಕ್ಕ.

"ಆಗುವಂಥದ್ದು ಹುಡುಕಿ."

ಹಾಗೆ ಹುಡುಕಿದಾಗ ಸಿಕ್ಕಿದವನು ಲಾಟೀನಿನವ. ಆಟದ ನಿಜವಾದ ಹೆಸರು ಉದ್ದದ ಇಂಗ್ಲಿಷಿನದು. ನಮ್ಮ ಮನೆಯಲ್ಲಿ ಅಮ್ಮ ಇಟ್ಟ ಹೆಸರೇ ನಿಂತಿತು. ಐವತ್ತರ ಹತ್ತಿರದ ದಪ್ಪನೆಯ ಮನುಷ್ಯ, ಎಡಗೈಯಲ್ಲಿ ಲಾಟೀನು, ಬಲಗೈಯಲ್ಲಿ ಕತ್ತಿ. ಕತ್ತಲೆ ತುಂಬಿದ ಒಂದು ಊರಿನಲ್ಲಿ ಅವನು ನಡೆಯಬೇಕು. ಲಾಟೀನಿನ ಬೆಳಕು ನಾಲ್ಕು ಹೆಜ್ಜೆಗೆ ಸಾಕು. ಆಚೆಯಿಂದ ಏನೇನೋ ಪ್ರಾಣಿಗಳು ಮೇಲೆ ಬೀಳುತ್ತವೆ. ಎಂಥ ಜಗಳದಲ್ಲೂ ಅವನು ಲಾಟೀನನ್ನು ಕೆಳಗಿಡುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಜಗಳ ಮುಗಿದ ಮೇಲೆ ನಿಂತು ಅಂಗಿಯ ತೋಳಿನಿಂದ ಲಾಟೀನಿನ ಗಾಜು ಒರೆಸುತ್ತಾನೆ. ಆ ಹೊತ್ತಿಗೆ ನಾವಿಬ್ಬರೂ ಬಾಯಿಗೆ ಒಂದೊಂದು ಚಕ್ಕುಲಿ ತುಂಡು ಹಾಕಿಕೊಳ್ಳುತ್ತಿದ್ದೆವು.

ಅದು ಒಬ್ಬರೇ ಆಡುವ ಆಟ. ಆದರೆ ಅಮ್ಮನ ಆಜ್ಞೆ ಮೀರುವಂತಿಲ್ಲವಲ್ಲ. ಆದ್ದರಿಂದ ಅಮ್ಮನ ಹೊಲಿಗೆ ಮಷಿನ್ನಿನ ಮೇಲೆ ಕೀಬೋರ್ಡ್ ಇಟ್ಟು, ಒಂದೇ ಟ್ರಂಕಿನ ಮೇಲೆ ಒತ್ತಿಕೊಂಡು ಕೂತು, ಆ ಮನುಷ್ಯನನ್ನು ಪಾಲು ಮಾಡಿಕೊಂಡೆವು. ಕಾಲು ನನ್ನದು, ಕೈ ಅಕ್ಕನದು. ನಾನು ಬಾಣದ ಕೀಲಿಗಳಿಂದ ಅವನನ್ನು ನಡೆಸುವುದು, ತಿರುಗಿಸುವುದು, ಹಿಂದೆ ಸರಿಸುವುದು. ಅಕ್ಕ ಮೂರು ಕೀಲಿಗಳಲ್ಲಿ ಕತ್ತಿ ಬೀಸುವುದು, ಏಟು ತಡೆಯುವುದು. ನನಗಾಗ ಹದಿಮೂರು, ಅವಳಿಗೆ ಹದಿನೆಂಟು. "ಹಿಂದೆ ಬಾ ಮಾರಾಯ." "ಬಂದೆ." "ಅಲ್ಲೇ ನಿಲ್ಲು, ಎಂತಕ್ಕೆ ಕುಣಿಯುದು?" ಇದಿಷ್ಟೇ ನಮ್ಮ ಮಾತು. ಕೆಲವು ತಿಂಗಳ ನಂತರ ಅದೂ ಬೇಕಾಗಲಿಲ್ಲ. ಅವಳ ಮೊಣಕೈ ನನ್ನ ಮೊಣಕೈಗೆ ತಾಗಿದ ರೀತಿಯಲ್ಲೇ ಮುಂದೆ ಹೋಗಬೇಕೋ ಹಿಂದೆ ಸರಿಯಬೇಕೋ ನನಗೆ ತಿಳಿಯುತ್ತಿತ್ತು.

ಅಕ್ಕನ ಬೆರಳುಗಳ ವಿಷಯ ಹೇಳಲೇಬೇಕು. ಅಂಥ ಚುರುಕಿನ ಬೆರಳುಗಳನ್ನು ನಾನು ಮತ್ತೆ ನೋಡಿಲ್ಲ. ಮಲ್ಲಿಗೆ ಕಟ್ಟಲು ಕೂತರೆ ಅಮ್ಮ ಒಂದು ಮೊಳ ಮುಗಿಸುವಷ್ಟರಲ್ಲಿ ಅವಳದು ಎರಡು ಮೊಳ ಆಗುತ್ತಿತ್ತು. ಅಡುಗೆಮನೆಯಿಂದ ಓಡಿಬಂದು ಒದ್ದೆಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಕೂತಳೆಂದರೆ ಮುಗಿಯಿತು, ಎದುರಿನ ಪ್ರಾಣಿಗೆ ಉಳಿಗಾಲವಿಲ್ಲ. ಶುಕ್ರವಾರ ಡೊಂಬಿವಲಿಯಲ್ಲಿ ಕರೆಂಟು ಹೋಗುತ್ತಿತ್ತು. ಎಷ್ಟೋ ಸಲ ಅಕ್ಕ ಗೆಲ್ಲುವ ಗಳಿಗೆಯಲ್ಲೇ ಪರದೆ ಕಪ್ಪಾಗಿ, ಇಡೀ ವಾರದ ನಡಿಗೆ ನೀರಿಗೆ ಹೋದದ್ದುಂಟು. ಅವಳು ವಿದ್ಯುತ್ ಇಲಾಖೆಯವರ ವಂಶವನ್ನೆಲ್ಲ ತುಳುವಿನಲ್ಲಿ ಬೈದು, ಮರುದಿನ ಮೊದಲಿನಿಂದ ಶುರುಮಾಡುತ್ತಿದ್ದಳು.

ಆಟದ ಕೊನೆಗೆ ಒಂದು ಕಬ್ಬಿಣದ ಬಾಗಿಲು. ಅದನ್ನು ಕಾಯುವ ಮೂರು ತಲೆಯ, ಭಾರೀ ಎತ್ತರದ ಪ್ರಾಣಿಯನ್ನು ನಮಗೆ ಗೆಲ್ಲಲಾಗಲಿಲ್ಲ. ಬಾಗಿಲಿನ ಆಚೆ ಏನಿದೆ ಎಂದು ಊಹಿಸುತ್ತ ಎರಡು ಆಟಿ ತಿಂಗಳು ಕಳೆದವು. ಮೂರನೆಯದು ಬರುವ ಮೊದಲು ಅಕ್ಕನ ಮದುವೆಯಾಗಿ ಅವಳು ನವಿ ಮುಂಬೈಗೆ ಹೋದಳು. ಹೋಗುವಾಗ ಎಲ್ಲರೂ ಕಣ್ಣೀರು ಹಾಕುತ್ತಿದ್ದರೆ ಅವಳು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಬಾಗಿಲು ನೀನೊಬ್ಬನೇ ತೆರೀಬೇಡ. ನಾನು ಬರ್ತೇನೆ."

ಅವಳು ಭಯಪಡುವ ಕಾರಣವೇ ಇರಲಿಲ್ಲ. ಮರುವಾರ ನಾನೊಬ್ಬನೇ ಎರಡೂ ಕೈ ಇಟ್ಟು ಕೂತೆ. ಲಾಟೀನಿನವ ಆಟದ ಮೊದಲ ಬೀದಿಯ ಮೊದಲ ನಾಯಿಯ ಬಾಯಿಗೆ ಸಿಕ್ಕಿ ಸತ್ತ. ಹನ್ನೊಂದು ಸಲ ಸತ್ತ. ನನ್ನ ಬಲಗೈಗೆ ನಡೆಯುವುದಷ್ಟೇ ಗೊತ್ತಿತ್ತು, ಎಡಗೈಗೆ ಏನೂ ಗೊತ್ತಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಹಾಳಾಗಿದೆ ಎಂದು ಸುಳ್ಳು ಹೇಳಿ, ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಆದರೂ ನೋಡಿ, ಮನುಷ್ಯನ ಜಂಬಕ್ಕೆ ಆಧಾರ ಬೇಕಿಲ್ಲ. ಮುಂದೆ ಆ ಆಟದ ಅಭಿಮಾನಿಗಳ ಒಂದು ಗುಂಪು ಫೋನಿಗೆ ಬಂದಾಗ ನಾನು ಅದರಲ್ಲಿ ಹಿರಿಯ ತಲೆಯಾದೆ. ಠಾಣೆ, ಕಲ್ಯಾಣ, ಪುಣೆಯ ಹುಡುಗರೆಲ್ಲ ನನ್ನನ್ನು 'ದಾದಾ', ಅಂದರೆ ಅಣ್ಣ, ಎಂದು ಕರೆದು ಹಳೆಯ ಕಾಲದ ಸುದ್ದಿ ಕೇಳುತ್ತಿದ್ದರು. ನಾನು ಒಂದು ಸಲವೂ ಕತ್ತಿ ಬೀಸಿದವನಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೇಳುವ ಸಂದರ್ಭವನ್ನು ನಾನೂ ತಂದುಕೊಳ್ಳಲಿಲ್ಲ.

ಹೋದ ವರ್ಷ ಲಾಟೀನಿನವ ರೀಬೂಟ್ ಆಗಿ ಬಂದ. ಹಳೆಯ ಕಥೆಯನ್ನು ಒರೆಸಿಹಾಕಿ, ಅದೇ ಹೆಸರಿನಲ್ಲಿ ಮೊದಲಿನಿಂದ ಹೊಸದಾಗಿ ಮಾಡುವುದಕ್ಕೆ ಹಾಗೆನ್ನುತ್ತಾರೆ. ಮೊದಲ ಚಿತ್ರ ಬಂದ ದಿನವೇ ಗುಂಪು ಎರಡು ಹೋಳಾಯಿತು. ಹೊಸಬನಿಗೆ ಇಪ್ಪತ್ತೈದರ ಪ್ರಾಯ. ತಲೆಯ ಎರಡೂ ಬದಿ ಬೋಳಿಸಿದ ಕೂದಲು. ಲಾಟೀನು ಸೊಂಟಕ್ಕೆ ನೇತುಬಿದ್ದಿದೆ, ಕೈಗೊಂದರಂತೆ ಎರಡು ಕತ್ತಿ. ಬಾಯಿಗೆ ಬಿಡುವೇ ಇಲ್ಲ, ಪ್ರತಿ ಪ್ರಾಣಿ ಸತ್ತಾಗಲೂ ಒಂದು ಚುಟುಕು. ನನ್ನ ಮಂಡೆ ಬಿಸಿಯಾಯಿತು. ಡೊಂಬಿವಲಿಯಿಂದ ಠಾಣೆಗೆ, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಹೋಗುವ ದಾರಿಯಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ನೇತಾಡುತ್ತ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಹದಿನಾಲ್ಕು ದೂರುಗಳ ಪಟ್ಟಿ ಬರೆದೆ. ಬೇರೆಯವರು ತುಂಬಿದ ಫಾರ್ಮುಗಳಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಪಟ್ಟಿ ಚೆನ್ನಾಗಿ ಬಂತು. ಆಟವನ್ನು ನಾನಿನ್ನೂ ಆಡಿರಲಿಲ್ಲ. ಬೇರೆಯವರು ಆಡಿದ ವಿಡಿಯೋ ನೋಡಿದ್ದೆ, ಅಷ್ಟೆ.

ನನ್ನ ಮುಖ್ಯ ದೂರು 'ಹೊಡೆತಕ್ಕೆ ತೂಕವಿಲ್ಲ' ಎಂಬುದು. 'ಕತ್ತಿ ತಾಗಿದ್ದು ಬೆರಳಿಗೆ ಗೊತ್ತಾಗಬೇಕು, ಹಳೆಯ ಆಟದಲ್ಲಿ ಗೊತ್ತಾಗುತ್ತಿತ್ತು' ಎಂದು ಬರೆದೆ. ಯಾರ ಬೆರಳಿಗೆ ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ದೂರು ಹೊಸ ಆಟದ ಒಂದು ಸೌಲಭ್ಯದ ಮೇಲೆ. ಅದನ್ನು ಚಾಲೂ ಮಾಡಿದರೆ ಒಂದೇ ಗುಂಡಿ ಒತ್ತುತ್ತಿದ್ದರೆ ಸಾಕು, ಕಷ್ಟದ ಏಟುಗಳೆಲ್ಲ ತಾವಾಗಿ ಒಂದರ ಹಿಂದೆ ಒಂದು ಬರುತ್ತವೆ. ಪರದೆಯ ಮೂಲೆಯಲ್ಲಿ ಪುಟ್ಟ ಕೈಯ ಚಿತ್ರ ಮೂಡುತ್ತದೆ. ನಾನು ಅದಕ್ಕೆ 'ಅಜ್ಜಿ ಮೋಡ್' ಎಂದು ಹೆಸರಿಟ್ಟೆ. ಗುಂಪಿನವರಿಗೆ ಅಜ್ಜಿ ಯಾರೆಂದು ವಿವರಿಸಬೇಕಾಗಲಿಲ್ಲ, ಮರಾಠಿಯಲ್ಲೂ ಅಜ್ಜಿ ಆಜಿಯೇ. ಹೆಸರು ಹಬ್ಬಿತು. ಆ ವಾರ ನಾನು ಬಹಳ ಸುಖವಾಗಿದ್ದೆ.

ಅದೇ ವಾರ ಅಕ್ಕನ ಫೋನು ಬಂತು. ಅವಳೀಗ ಖಾರಘರದಲ್ಲಿ, ಗುಡ್ಡ ಕಾಣುವ ಹದಿನಾಲ್ಕನೆಯ ಮಹಡಿಯಲ್ಲಿದ್ದಾಳೆ. "ಹೊಸ ಲಾಟೀನಿನವ ಬಂದಿದ್ದಾನಲ್ಲ ಮಾರಾಯ. ರಿಯಾ ಹಾಕಿಕೊಟ್ಟಿದ್ದಾಳೆ. ಭಾನುವಾರ ಬಾ, ಆಡುವ" ಎಂದಳು. ರಿಯಾ ಅವಳ ಮಗಳು, ಕಾಲೇಜಿಗೆ ಹೋಗುವವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

ಹೋದೆ. ಟೀಪಾಯಿಯ ಮೇಲೆ ಬೇಕರಿಯ ಖಾರಿ ಬಿಸ್ಕೆಟ್ ಇತ್ತು. ಅಕ್ಕನ ಮನೆಯಲ್ಲಿ ನನಗೆ ಅಂಗಡಿಯ ತಿಂಡಿ ಸಿಕ್ಕಿದ್ದು ಅದೇ ಮೊದಲು. "ಎಂತದು ಅಕ್ಕ, ಗೋಳಿಬಜೆ ಮಾಡ್ಲಿಕ್ಕೆ ಉದಾಸೀನವಾ?" ಎಂದು ಕೇಳಿದೆ. ಅವಳು ನಕ್ಕಳು. ಚಹದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಉಪ್ಪಿನಕಾಯಿ ಬಾಟಲಿಯೊಂದನ್ನು ನನ್ನ ಮುಂದೆ ಇಟ್ಟು, "ಇದರ ಮುಚ್ಚಳ ಒಮ್ಮೆ ತೆಗೆದುಕೊಡು" ಎಂದಳು. ತೆಗೆದುಕೊಟ್ಟೆ. ಕೈನೋವು ಎಂದು ಅವಳು ಫೋನಿನಲ್ಲಿ ಆಗಾಗ ಹೇಳಿದ್ದಳು. ಈ ವಯಸ್ಸಿಗೆ ಯಾರಿಗೆ ಇಲ್ಲ ಎಂದು ನಾನೂ ಆಗಾಗ ಹೇಳಿದ್ದೆ. ದಿನವಿಡೀ ತಪ್ಪು ಹುಡುಕಿ ಸಂಬಳ ಪಡೆಯುವವನ ಕಣ್ಣಿಗೆ ಇಷ್ಟೆಲ್ಲ ಕಣ್ಣೆದುರೇ ಇದ್ದರೂ ಕಾಣಲಿಲ್ಲ.

ಅಕ್ಕ ಸೋಫಾದಲ್ಲಿ ಕೂತು, ಕೈಯಲ್ಲಿದ್ದ ಕಂಟ್ರೋಲರನ್ನು ಸ್ವಲ್ಪ ನನ್ನ ಕಡೆ ಚಾಚಿದಳು. "ಇದರಲ್ಲಿ ಕಾಲು ಎಡಗಡೆಗೆ ಬಂದಿದೆ. ನೀನು ಈ ಬದಿ ಕೂತ್ಕೊ" ಎಂದು ತನ್ನ ಎಡಗಡೆ ಸೋಫಾ ತಟ್ಟಿದಳು.

"ನೀನು ಆಡು, ನಾನು ನೋಡ್ತೇನೆ" ಎಂದೆ. ಎದುರಿನ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ. ಅಲ್ಲಿಂದ ಟಿವಿ ನೋಡಲು ಕುತ್ತಿಗೆ ಹೊರಳಿಸಬೇಕಿತ್ತು, ಆದರೆ ತೀರ್ಪು ಕೊಡಲು ಅದೇ ಸರಿಯಾದ ಜಾಗವೆಂದು ಆಗ ಅನಿಸಿತು. ಹುಟ್ಟಿದಂದಿನಿಂದ ನಾವಿಬ್ಬರು ಒಂದು ಆಟಕ್ಕೆ ಎದುರುಬದುರು ಕೂತದ್ದು ಅದೇ ಮೊದಲು. ಅಮ್ಮ ಇದ್ದಿದ್ದರೆ ಕಿವಿ ಹಿಡಿದು ಎಬ್ಬಿಸುತ್ತಿದ್ದಳು.

ಅಕ್ಕ ಆಡಿದಳು, ನಾನು ಹದಿನಾಲ್ಕು ದೂರುಗಳನ್ನು ಒಂದೊಂದಾಗಿ ಒಪ್ಪಿಸಿದೆ. ಅವಳು ಮೊದಮೊದಲು "ಹೌದು, ಸ್ವಲ್ಪ ಜಾಸ್ತಿ ಮಾತಾಡ್ತಾನೆ" ಎಂದೋ "ಅಲ್ಲ ಮಾರಾಯ, ಈ ಬೀದಿ ನೋಡು, ಎಷ್ಟು ಚಂದ ಉಂಟು" ಎಂದೋ ಹೇಳುತ್ತಿದ್ದಳು. ಆಮೇಲೆ ಪರದೆಯನ್ನಷ್ಟೇ ನೋಡುತ್ತ ಆಡಿದಳು. ಆಗ ನನಗೆ ಪರದೆಯ ಮೂಲೆಯ ಪುಟ್ಟ ಕೈ ಕಾಣಿಸಿತು.

"ಅಜ್ಜಿ ಮೋಡಾ? ಅಕ್ಕ, ನೀನು ಕೂಡ?"

"ಅಂದರೆ?"

ವಿವರಿಸಿದೆ. ಗುಂಪಿನಲ್ಲಿ ಎಲ್ಲರೂ ಎಷ್ಟು ನಕ್ಕರು ಎಂದೂ ಹೇಳಿದೆ. "ಇದು ಆಟವೇ ಅಲ್ಲ. ಮಷಿನ್ನೇ ಆಡುದು, ನೀನು ಸುಮ್ಮನೆ ಕೂತದ್ದು."

"ಆ ಹೆಸರು ಯಾರು ಇಟ್ಟದ್ದು?"

"ನಾನೇ."

"ಒಳ್ಳೆ ಹೆಸರು" ಎಂದಳು. ಆಟ ನಿಲ್ಲಿಸಿ ಕಂಟ್ರೋಲರನ್ನು ಟೀಪಾಯಿಯ ಮೇಲಿಟ್ಟಳು. "ಮೋಡ ಕಟ್ಟಿದೆ. ಗಾಡಿ ನಿಲ್ಲುವ ಮೊದಲು ಹೊರಡು." ಬಾಗಿಲಿನವರೆಗೆ ಬಂದು ಇನ್ನೊಂದು ಮಾತು ಸೇರಿಸಿದಳು: "ಇದರಲ್ಲಿ ಸಹ ಕೊನೆಗೆ ಕಬ್ಬಿಣದ ಬಾಗಿಲು ಉಂಟಂತೆ. ಅಲ್ಲಿಗೆ ಮುಟ್ಟಿದ ಮೇಲೆ ಹೇಳ್ತೇನೆ. ಬರ್ತೀಯಲ್ಲ?"

ಎರಡು ವಾರದ ನಂತರ ಫೋನು ಮಾಡಿ, ಬಾಗಿಲು ಬಂತು ಎಂದಳು. ನಾನು ಕಲ್ಯಾಣದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೊರಟಿದ್ದೆ. "ನೀನೇ ಮುಗಿಸಿಬಿಡು ಅಕ್ಕ. ಆ ಮೋಡಿನಲ್ಲಿ ಅದೇ ಮುಗಿಸ್ತದೆ" ಎಂದೆ, ತಮಾಷೆಗೆ. ಆ ಕಡೆಯಿಂದ "ಹಾಗಾ" ಎಂಬ ಒಂದೇ ಮಾತು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ಆಡಿದಾಗ ನನಗೆ ಏನೂ ಹೋದಂತೆ ಅನಿಸಲಿಲ್ಲ.

ತಿಂಗಳು ಕಳೆದ ಮೇಲೆ ರಿಯಾ ಫೋನು ಮಾಡಿದಳು. ನಾನು ಠಾಣೆಯ ಪ್ಲಾಟ್‌ಫಾರ್ಮಿನಲ್ಲಿದ್ದೆ.

"ಮಾಮಾ, ಆಪ್‌ಕೋ ಪತಾ ಹೈ ಮಮ್ಮೀಕಾ ಹಾಥ್ ಕೈಸಾ ಹೈ?" ಮಮ್ಮಿಯ ಕೈ ಹೇಗಿದೆ ಗೊತ್ತಾ ಎಂದು ಕೇಳುತ್ತಿದ್ದಳು.

"ಕೈನೋವು ಅಂತ ಹೇಳಿದ್ದಳು."

"ದರ್ದ್ ನಹೀ, ಮಾಮಾ. ಸಂಧಿವಾತ." ಆ ಒಂದು ಶಬ್ದವನ್ನು ಅವಳು ಕನ್ನಡದಲ್ಲೇ ಹೇಳಿದಳು, ಮನೆಯಲ್ಲಿ ದಿನಾ ಕೇಳಿ ಬಾಯಿಗೆ ಬಂದಿರಬೇಕು. ಮುಂದಿನದನ್ನು ಹಿಂದಿಯಲ್ಲೇ ಹೇಳಿದಳು. ಎರಡು ವರ್ಷದಿಂದ ಬೆಳಿಗ್ಗೆ ಬೆರಳು ಮಡಚುವುದಿಲ್ಲ. ಜಡೆ ಹಾಕುವುದು, ಗುಂಡಿ ಹಾಕುವುದು ಎಲ್ಲ ರಿಯಾಳೇ. ಆ ಸೌಲಭ್ಯ ಇದೆ ಎಂದು ಓದಿಯೇ ಅವಳು ಅಮ್ಮನಿಗೆ ಈ ಆಟ ಹಾಕಿಕೊಟ್ಟದ್ದು. ಇಡೀ ತಿಂಗಳು ಅಕ್ಕ ಆ ಬಾಗಿಲಿನ ಮುಂದೆ ನಿಂತೇ ಇದ್ದಳಂತೆ. ತಮ್ಮ ಬರ್ತಾನೆ ಎಂದು ಮಗಳಿಗೂ ಮುಟ್ಟಲು ಬಿಡಲಿಲ್ಲವಂತೆ. "ಕಲ್ ಅಕೇಲೇ ಖತಮ್ ಕಿಯಾ." ನಿನ್ನೆ ಒಬ್ಬಳೇ ಮುಗಿಸಿದ್ದಳು. ನಾನು ಹತ್ತಬೇಕಾದ ಗಾಡಿ ಬಂತು, ಹೋಯಿತು. ನಾನು ಐರೋಲಿಗೆ ಹೋಗಲಿಲ್ಲ. ಮುಂದಿನ ಪನ್ವೇಲ್ ಗಾಡಿ ಹತ್ತಿ ಖಾರಘರಕ್ಕೆ ಹೋದೆ.

ಬಾಗಿಲು ತೆಗೆದ ಅಕ್ಕ, "ಆಫೀಸಿಲ್ವಾ?" ಎಂದಳು. ನಾನು ನೇರ ಹೋಗಿ ಸೋಫಾದಲ್ಲಿ ಅವಳ ಎಡಗಡೆಯ ಜಾಗದಲ್ಲಿ ಕೂತೆ. ಅವಳ ಕೈ ಹಿಡಿದು ನೋಡಿದೆ. ಗೆಣ್ಣುಗಳು ದಪ್ಪವಾಗಿ, ಬೆರಳುಗಳು ಒಂದು ಕಡೆಗೆ ವಾಲಿದ್ದವು. ನನಗೆ ಅಳು ಬಂತು, ಅತ್ತುಬಿಟ್ಟೆ.

"ತಪ್ಪಾಯ್ತು ಅಕ್ಕ."

"ಎಂತದ್ದು ತಪ್ಪು? ನಿನಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ."

"ಇನ್ನೊಮ್ಮೆ ಮೊದಲಿನಿಂದ ಆಡುವ. ಕಾಲು ನಾನು ಮಾಡ್ತೇನೆ. ಆ ಮೋಡಿನಲ್ಲೇ ಆಡುವ."

ಅವಳು ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಕೋಪ ಇಲ್ಲ ಮಾರಾಯ. ಸುಳ್ಳು ಹೇಳುದಿಲ್ಲ, ಕಾದು ಕಾದು ನನಗೆ ಆಸೆ ಹೋಯ್ತು."

ಬಾಗಿಲಿನ ಆಚೆ ಏನಿತ್ತು ಎಂದು ಕೇಳಿದೆ. "ಅದೆಲ್ಲ ಹೇಳ್ಲಿಕ್ಕಿಲ್ಲ. ಆಡಿ ನೋಡು" ಎಂದು ಎದ್ದು ಚಹಕ್ಕೆ ಹೋದಳು. ಲೋಟ ತರಲು ನಾನೂ ಹಿಂದೆ ಹೋದೆ.

ಆಮೇಲೆ ನಾನು ಆಟವನ್ನು ತರಿಸಿ ಮನೆಯಲ್ಲಿ ಆಡಿದೆ. ಸೌಲಭ್ಯವಿಲ್ಲದೆ ಶುರುಮಾಡಿ, ಮೊದಲ ಬೀದಿಯ ಮೊದಲ ನಾಯಿಯ ಬಾಯಿಗೆ ಎಂದಿನಂತೆ ಸಿಕ್ಕಿ ಸತ್ತು, ಪುಟ್ಟ ಕೈಯನ್ನು ಚಾಲೂ ಮಾಡಿಕೊಂಡೆ. ಕುಣಿಯಲು ಬಾರದೆ ನೆಲವನ್ನು ಡೊಂಕು ಎಂದವನು ನಾನು. ಈಗ ಹದಿನಾಲ್ಕು ದೂರುಗಳನ್ನೂ ಎದುರಿಗಿಟ್ಟುಕೊಂಡು ನ್ಯಾಯವಾಗಿ ನೋಡಿದರೆ, ಕೆಲವು ನಿಲ್ಲುತ್ತವೆ. ಅವನು ಬಹಳ ಮಾತಾಡುತ್ತಾನೆ, ಅದು ನಿಜ. ಲಾಟೀನನ್ನು ಸೊಂಟಕ್ಕೆ ಸಿಕ್ಕಿಸಬಾರದಿತ್ತು. ಒಂದು ಕೈ ಯಾವಾಗಲೂ ಬೆಳಕಿಗೆ ಮೀಸಲಾಗಿತ್ತು ಎಂಬುದರಲ್ಲೇ ಹಳಬನ ಘನತೆಯಿತ್ತು. ಹಳೆಯ ಆಟ ಗುಟ್ಟಾಗಿಯೇ ಇಟ್ಟಿದ್ದ ಸಂಗತಿಯನ್ನು, ಲಾಟೀನು ಯಾರದೆಂಬುದನ್ನು, ಮೊದಲ ಕಾಲು ಗಂಟೆಯಲ್ಲೇ ಹೇಳಿಬಿಡುವ ಅವಸರವೂ ಬೇಕಿರಲಿಲ್ಲ. ಗಾಜು ಒರೆಸುವುದನ್ನು ತೆಗೆದುಹಾಕಿದ್ದಕ್ಕೆ ಅವರನ್ನು ನಾನು ಕ್ಷಮಿಸಲಾರೆ, ಚಕ್ಕುಲಿ ತಿನ್ನಲು ಪುರಸೊತ್ತೇ ಇಲ್ಲ.

ಆದರೆ ಹಳೆಯದರಲ್ಲಿ ಗೋಡೆಯ ಮೂಲೆ ತಿರುಗಿದರೆ ನಮ್ಮವನೇ ನಮಗೆ ಕಾಣುತ್ತಿರಲಿಲ್ಲ. ಅದನ್ನು ನಾವು ಕಷ್ಟದ ಆಟ ಎಂದು ಹೊಗಳುತ್ತಿದ್ದೆವು. ಅದು ಮಾಡಿದವರ ತಪ್ಪಾಗಿತ್ತು, ಹೊಸಬರು ತಿದ್ದಿದ್ದಾರೆ. ಕಾಲಿಟ್ಟಂತೆ ಗೋಡೆಗಳು ಸರಿದು ದಾರಿ ಮುಚ್ಚುವ ಹೊಸ ಊರು ಅಕ್ಕ ಹೇಳಿದಂತೆ ಬಹಳ ಚಂದ. ನಡಿಗೆಯಂತೂ ಎಷ್ಟು ಹಗುರ, ಎಷ್ಟು ಹದ. ಕಾಲಿನ ಕೆಲಸ ಮಾಡಿದವನು ನಾನು, ಕಾಲು ಚೆನ್ನಾಗಿದೆ ಎಂದು ಮೊದಲು ಹೇಳಬೇಕಾದವನೂ ನಾನೇ. ನನ್ನ ಪಟ್ಟಿಯಲ್ಲಿ ಕಾಲಿನ ಮಾತೇ ಇರಲಿಲ್ಲ. ಹೊಡೆತದ ತೂಕದ ಬಗ್ಗೆ ಮಾತಾಡುವ ಹಕ್ಕು ಇದ್ದವಳು ಒಬ್ಬಳು. ಅವಳನ್ನು ನಾನು ಕೇಳಲಿಲ್ಲ.

ಇದನ್ನೆಲ್ಲ ಗುಂಪಿನಲ್ಲಿ ಬರೆದೆ. ಅಜ್ಜಿ ಮೋಡ್ ಎಂಬ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೂ ಬರೆದೆ. 'ದಾದಾಗೆ ವಯಸ್ಸಾಯಿತು' ಎಂದು ಒಬ್ಬ ಉತ್ತರಿಸಿದ. ಹೆಸರು ಇನ್ನೂ ಹಾಗೇ ಓಡಾಡುತ್ತಿದೆ.

ಕೀಬೋರ್ಡ್ ಸಿಕ್ಕಿದ ದಿನ ಅಕ್ಕನಿಗೆ ಫೋನು ಮಾಡಿ ಹೇಳಿದೆ. "ನನ್ನ ಬದಿಯ ಅಕ್ಷರ ಉಂಟಾ?" ಎಂದು ಕೇಳಿದಳು. ಇಲ್ಲ, ಎಲ್ಲ ಅಳಿಸಿಹೋಗಿದೆ ಎಂದೆ. "ಹೌದಾ" ಎಂದು, ನಿನ್ನ ಅಟ್ಟ ಸೋರುತ್ತಿದೆಯೇ ಎಂದು ವಿಚಾರಿಸಿದಳು.

ನಾನೀಗ ಕಬ್ಬಿಣದ ಬಾಗಿಲಿನ ಮುಂದಿದ್ದೇನೆ. ಕಾವಲಿನ ಪ್ರಾಣಿ ಸತ್ತು ಬಿದ್ದಿದೆ, ಒಂದು ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಮೂರು ವಾರವಾಯಿತು, ಒತ್ತಿಲ್ಲ. ಹದಿನಾಲ್ಕು ದೂರುಗಳ ಲೆಕ್ಕ ಮುಗಿಸಿದ ಮೇಲೂ ಈ ಆಟದ ಮೇಲೆ ನನ್ನದೊಂದು ದೂರು ಉಳಿದಿದೆ: ಇದನ್ನು ಒಬ್ಬರೇ ಆಡಿ ಮುಗಿಸಬಹುದು. ನ್ಯಾಯವಾಗಿ ಹೇಳುವುದಾದರೆ ಹಳೆಯದನ್ನೂ ಒಬ್ಬರೇ ಆಡಬಹುದಿತ್ತು. ಅಮ್ಮನ ದಯೆಯಿಂದ ನಮಗೆ ಅದು ಗೊತ್ತಾಗಿರಲಿಲ್ಲ.